ಬಯಲು ಭಾವಚಿತ್ರದಲ್ಲಿ ರೂಪದರ್ಶಿಯ ಅನಗತ್ಯತೆ: ಗುಂಡಗುರ್ತಿ ಪರಿಸರವನ್ನು ಅನುಲಕ್ಷಿಸಿ ಒಂದು ಶಾಸ್ತ್ರೀಯ ಜಿಜ್ಞಾಸೆ

ಬಯಲಿನಲ್ಲಿ ಭಾವಚಿತ್ರ ತೆಗೆಯಲು ಬೆಳಕು ಬೇಕು, ಕ್ಯಾಮೆರಾ ಬೇಕು, ಎದುರಿಗೆ ನಿಲ್ಲಲು ಒಬ್ಬ ರೂಪದರ್ಶಿ ಬೇಕು ಎಂಬುದು ಫೋಟೋಗ್ರಾಫರರಲ್ಲಿ ಬಹುಕಾಲದಿಂದ ಬೇರೂರಿದ ನಂಬಿಕೆ. ಮೊದಲಿನ ಎರಡರ ಬಗ್ಗೆ ಈ ಪ್ರಬಂಧಕ್ಕೆ ತಕರಾರಿಲ್ಲ. ಮೂರನೆಯದು ಯುಕ್ತಿಗೂ ಪ್ರಮಾಣಕ್ಕೂ ನಿಲ್ಲದ ಮಾತು ಎಂದು ತೋರಿಸುವುದೇ ಇಲ್ಲಿನ ಉದ್ದೇಶ. ಅಧ್ಯಯನದ ವ್ಯಾಪ್ತಿಯನ್ನು ಕಲಬುರಗಿ ಜಿಲ್ಲೆಯ ಗುಂಡಗುರ್ತಿಯ ಸುತ್ತಿನ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಿಗೆ ಸೀಮಿತಗೊಳಿಸಲಾಗಿದೆ. ಪ್ಯಾರಿಸ್, ಮಿಲಾನ್‌ಗಳನ್ನು ಏಕೆ ಬಿಟ್ಟಿರಿ ಎಂದರೆ, ಅಲ್ಲಿ ರೂಪದರ್ಶಿಗೆ ಸಂಬಳ ಕೊಡುತ್ತಾರೆ. ಸಂಬಳ ಕೊಟ್ಟು ಕರೆಸಿದವರು ಆಕೆ ಬೇಕೋ ಬೇಡವೋ ಎಂದು ನಿಷ್ಪಕ್ಷಪಾತವಾಗಿ ಯೋಚಿಸಲಾರರು. ಇಲ್ಲಿ ರೂಪದರ್ಶಿ ಎಂದರೆ ಬರುವ ತಿಂಗಳು ಮದುವೆಯಾಗಲಿರುವ ಹುಡುಗಿ. ಪ್ರಿ-ವೆಡ್ಡಿಂಗ್ ಶೂಟ್‌ಗೆಂದು ಕಾಗಿಣಾ ದಂಡೆಯ ಮಳಖೇಡ ಕೋಟೆಗೋ ಚಿಂಚೋಳಿ ಕಡೆಯ ಚಂದ್ರಂಪಳ್ಳಿ ಡ್ಯಾಮಿಗೋ ಬಂದವಳು. ದುಡ್ಡು ಅವಳ ಮನೆಯವರದೇ. ದುಡ್ಡು ಕೊಟ್ಟು ನಿಂತವಳೇ ಬೇಡವೆಂದು ಸಿದ್ಧವಾದರೆ ದುಡ್ಡು ಪಡೆದು ನಿಂತವಳ ವಿಷಯ ಹೇಳಬೇಕಾದದ್ದೇನಿದೆ? ಇದನ್ನೇ ಶಾಸ್ತ್ರಕಾರರು ಕೈಮುತಿಕ ನ್ಯಾಯ ಎಂದರು.

ಮೊದಲ ಪ್ರಮಾಣ ಕಲ್ಲಿನದು. ಭೀಮಾ ದಂಡೆಯ ಸನ್ನತಿಗೆ ಹತ್ತಿರದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆ 1990ರ ದಶಕದಲ್ಲಿ ಅಗೆದಾಗ ದೊಡ್ಡದೊಂದು ಬೌದ್ಧ ಸ್ತೂಪದ ಅವಶೇಷ ಸಿಕ್ಕಿತು. ಅದರ ಚಪ್ಪಡಿಗಳಲ್ಲೊಂದರಲ್ಲಿ ಒಬ್ಬ ಅರಸ ರಾಣಿಯ ಜೊತೆ ನಿಂತಿದ್ದಾನೆ. ಪರಿಚಾರಿಕೆಯರು ಚಾಮರ, ಕೊಡೆ ಹಿಡಿದಿದ್ದಾರೆ. ಬ್ರಾಹ್ಮಿ ಲಿಪಿಯಲ್ಲಿ ‘ರಾಯ ಅಸೋಕೊ’ ಎಂದು ಕೊರೆದಿದೆ. ಸಾಮ್ರಾಟ ಅಶೋಕನ ಹೆಸರು ಹೊತ್ತ ಶಿಲ್ಪವೆಂದು ಜಗತ್ತಿನ ವಿದ್ವಾಂಸರು ಓಡಿಬಂದು ನೋಡಿದ್ದು ಇದನ್ನೇ. ಆದರೆ ಅಶೋಕ ತೀರಿಕೊಂಡದ್ದು ಕ್ರಿಸ್ತಪೂರ್ವ 232ರ ಸುಮಾರಿಗೆ. ಈ ಕಲ್ಲು ಕೆತ್ತಿದ್ದು ಶತಮಾನಗಳು ಕಳೆದು, ಶಾತವಾಹನರ ಕಾಲಕ್ಕೆ. ಅಂದರೆ ರೂಪದರ್ಶಿ ಶೂಟಿಂಗಿಗೆ ಬಂದೇ ಇಲ್ಲ. ಬರುವ ಸ್ಥಿತಿಯಲ್ಲೂ ಇರಲಿಲ್ಲ. ಹಾಗಿದ್ದೂ ಇದು ಅಶೋಕನಲ್ಲ ಎಂದು ಯಾರೂ ಹೇಳಿಲ್ಲ, ಕಾರಣ ಕಲ್ಲಿನ ಮೇಲೆ ಹೆಸರಿದೆ. ಇನ್ನು ತಿದ್ದುಪಡಿಯ ಮಾತು. ‘ಅಶೋಕಾವದಾನ’ದ ಪ್ರಕಾರ ಅರಸನ ಮೈಚರ್ಮ ಬಹಳ ಒರಟು, ಹಿಂದಿನ ಜನ್ಮದಲ್ಲಿ ಬುದ್ಧನ ಭಿಕ್ಷಾಪಾತ್ರೆಗೆ ಒಂದು ಹಿಡಿ ಧೂಳು ಹಾಕಿದ್ದರ ಫಲ ಅದು. ಕನಗನಹಳ್ಳಿಯ ಶಿಲ್ಪಿ ಅದೇ ಮೈಯನ್ನು ಸುಣ್ಣಕಲ್ಲಿನಲ್ಲಿ ನುಣ್ಣಗೆ ಮಾಡಿ ಕೂರಿಸಿದ. ಧೂಳಿನಿಂದ ಕೆಟ್ಟ ಚರ್ಮವನ್ನು ಎಡಿಟಿಂಗಿನಲ್ಲಿ ಸರಿಪಡಿಸುವ ಕಸುಬು ಈ ಭಾಗಕ್ಕೆ ಎಷ್ಟು ಹಳೆಯದೆಂಬುದನ್ನು ಇನ್ನು ಸಾಧಿಸಬೇಕಾಗಿಲ್ಲ. (ಅಂತಃಪುರದ ಹೆಂಗಸರು ಆ ಒರಟು ಮೈಯನ್ನು ಇಷ್ಟಪಡದೆ, ಅವನ ಹೆಸರಿನ ಅಶೋಕ ಮರದ ಹೂಕೊಂಬೆಗಳನ್ನು ಮುರಿದದ್ದಕ್ಕೆ ಅರಸ ಅವರನ್ನು ಸುಡಿಸಿದನೆಂದೂ ಅದೇ ಗ್ರಂಥ ಹೇಳುತ್ತದೆ. ಫೋಟೋ ಚಲೋ ಬಂದಿಲ್ಲ ಎಂದವರ ಮೇಲೆ ಈಚಿನ ರೂಪದರ್ಶಿಗಳು ಮುನಿಸಿಕೊಳ್ಳುವುದು ಇದಕ್ಕೆ ಹೋಲಿಸಿದರೆ ಸೌಮ್ಯವೇ.)

ಎರಡನೆಯ ಪ್ರಮಾಣ ವಿಮರ್ಶಕರದು. ತಪ್ಪು ಹುಡುಕುವ ವಿದ್ಯೆಯಲ್ಲಿ ಈ ನೆಲಕ್ಕೆ ಯಾರೂ ಪಾಠ ಹೇಳಬೇಕಿಲ್ಲ. ಕನ್ನಡದಲ್ಲಿ ಸಿಕ್ಕಿರುವ ಅತ್ಯಂತ ಹಳೆಯ ಗ್ರಂಥ ‘ಕವಿರಾಜಮಾರ್ಗ’ ಹುಟ್ಟಿದ್ದು ರಾಷ್ಟ್ರಕೂಟರ ಮಾನ್ಯಖೇಟದಲ್ಲಿ, ಅಂದರೆ ಇದೇ ಮಳಖೇಡದಲ್ಲಿ, ಸುಮಾರು 850ರಲ್ಲಿ. ಅದರ ಮೊದಲ ಪರಿಚ್ಛೇದವೇ ದೋಷವಿಚಾರ. ಅಲಂಕಾರದ ಸರದಿ ಆಮೇಲೆ. ಕೋಟೆ ನೋಡಲು ಬಂದ ಜೋಡಿಯ ಫೋಟೋ ಕಂಡ ಕೂಡಲೇ ಗೆಳೆಯರು ಮೊದಲು ತಪ್ಪು ಹೇಳಿ, ಚಂದ ಬಂದದ ಎಂಬ ಮಾತನ್ನು ಕೊನೆಗಿಡುವುದು ಈ ಪರಂಪರೆಯ ಮುಂದುವರಿಕೆ. ಬಯಲು ಭಾವಚಿತ್ರದ ದೋಷಗಳನ್ನು ಇಲ್ಲಿ ಮೊದಲ ಬಾರಿಗೆ ಶಾಸ್ತ್ರಬದ್ಧವಾಗಿ ಹೆಸರಿಸಲಾಗುತ್ತಿದೆ. ತಲೆಯ ಹಿಂದಿನ ಲೈಟ್ ಕಂಬ ನೆತ್ತಿಯಿಂದಲೇ ಎದ್ದಂತೆ ಕಂಡರೆ ಸ್ತಂಭೋದ್ಭವ. ಕೋಟೆಗೋಡೆಯ ಅಂಚು ಕುತ್ತಿಗೆಯ ಮಟ್ಟಕ್ಕೆ ಹಾದುಹೋದರೆ ಕಂಠಚ್ಛೇದ. ಚೌಕಟ್ಟು ಮಣಿಕಟ್ಟಿಗೋ ಮೊಣಕಾಲಿಗೋ ಸರಿಯಾಗಿ ಕತ್ತರಿಸಿದರೆ ಅಂಗಭಂಗ. ನಡುಹಗಲ ಸೂರ್ಯ ನೆತ್ತಿಯ ಮೇಲಿದ್ದು ಹುಬ್ಬಿನ ನೆರಳು ಕಣ್ಣು ಮುಚ್ಚಿದರೆ ನೇತ್ರಗಹ್ವರ. ಸೇಡಂನ ಏಪ್ರಿಲ್ ತಿಂಗಳಲ್ಲಿ ಇದು ಬೆಳಿಗ್ಗೆ ಹತ್ತಕ್ಕೇ ಶುರುವಾಗಿ ಸಂಜೆ ನಾಲ್ಕರವರೆಗೂ ಬಿಡುವುದಿಲ್ಲ. ಈ ಭಾಗಕ್ಕೇ ವಿಶಿಷ್ಟವಾದದ್ದು ಕಾಮಾಲೆ ದೋಷ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕಲಬುರಗಿ ತೊಗರಿ ಹೂಬಿಟ್ಟ ಹೊಲದ ನಡುವೆ ಹುಡುಗಿಯನ್ನು ನಿಲ್ಲಿಸಿದರೆ, ಹಳದಿ ಹೂವಿಗೂ ಹಸಿರು ಎಲೆಗೂ ತಾಗಿ ಮೇಲೇಳುವ ಬೆಳಕು ಗದ್ದದ ಕೆಳಗೂ ಮೂಗಿನ ಹೊಳ್ಳೆಯ ಅಂಚಿಗೂ ಬಿದ್ದು, ಔಷಧಿ ಕೊಡಿಸಬೇಕೆನ್ನುವಷ್ಟು ಹಳದಿ ಬರಿಸುತ್ತದೆ. ಈಗ ಗಮನಿಸಬೇಕು. ಕಂಬ, ಗೋಡೆ, ಚೌಕಟ್ಟು, ಸೂರ್ಯ, ತೊಗರಿ: ಇವುಗಳಲ್ಲಿ ರೂಪದರ್ಶಿಗೆ ಸೇರಿದ್ದು ಯಾವುದು? ಒಂದೂ ಇಲ್ಲ. ವಿಮರ್ಶಕನ ಲೆಕ್ಕದಲ್ಲಿ ಆಕೆ ದೋಷಗಳನ್ನು ನೇತುಹಾಕುವ ಗೂಟ, ಅಷ್ಟೆ.

ಮೂರನೆಯ ಪ್ರಮಾಣ ಎಡಿಟಿಂಗ್ ಕೋಣೆಯಲ್ಲಿದೆ. ಅಲ್ಲಿ ಮುಖವನ್ನು ಎರಡು ಪದರಗಳಾಗಿ ಬಿಡಿಸುತ್ತಾರೆ. ಕಸುಬಿನ ಮಾತಿನಲ್ಲಿ ಫ್ರೀಕ್ವೆನ್ಸಿ ಸೆಪರೇಶನ್. ಮೇಲಿನ ಪದರದಲ್ಲಿ ಚರ್ಮದ ರಂಧ್ರ, ನವಿರುಕೂದಲು, ಮಚ್ಚೆ, ಚಿಕ್ಕಂದಿನಲ್ಲಿ ಬಿದ್ದು ಆದ ಹಣೆಯ ಗಾಯದ ಗೆರೆ. ಕೆಳಗಿನದರಲ್ಲಿ ಬಣ್ಣ ಮತ್ತು ನೆರಳು ಮಾತ್ರ. ಬಲ್ಲವನು ಕೆಳಗಿನ ಪದರದ ಕಲೆಗಳನ್ನು ಹದವಾಗಿ ಬೆರೆಸಿ ಮೇಲಿನದನ್ನು ಹಾಗೇ ಉಳಿಸುತ್ತಾನೆ. ಲಗ್ನಸರಾಯಿಯಲ್ಲಿ ರಾತ್ರಿಯೊಳಗೆ ಆಲ್ಬಂ ಮುಗಿಸಬೇಕಾದವನು ಮೇಲಿನ ಪದರವನ್ನೇ ಅಳಿಸಿಬಿಡುತ್ತಾನೆ. ಹುಡುಗಿಯನ್ನು ಅವಳ ಅಕ್ಕತಂಗಿಯರಿಂದ ಬೇರೆ ಮಾಡುತ್ತಿದ್ದದ್ದೆಲ್ಲ ಅಲ್ಲಿಗೆ ಹೋಯಿತು. ಆಮೇಲೆ ಲಿಕ್ವಿಫೈ ಎಂಬ ಸಾಧನ ಬಂದು ಗಲ್ಲ ಒತ್ತುತ್ತದೆ. 2020ರಿಂದ ಫೋಟೋಶಾಪಿನಲ್ಲೇ ಆಕಾಶ ಬದಲಿಸುವ ಸೌಲಭ್ಯವಿದೆ, ಹಾಗಾಗಿ ವಾಡಿಯ ಬೂದುಬಣ್ಣದ ಬಾನಿನ ಜಾಗಕ್ಕೆ ಎಲ್ಲಿಯದೋ ಗುಲಾಬಿ ಮೋಡ. ದೂರದಲ್ಲಿ ಕಾಣುವ ಸಿಮೆಂಟ್ ಕಾರ್ಖಾನೆಯ ಚಿಮಣಿಯನ್ನೂ ಅಳಿಸುತ್ತಾರೆ. ಆದರೆ ಗಾಳಿಯಲ್ಲಿ ತೇಲುವ ಧೂಳಿನ ಕಣಗಳು ಸಂಜೆಯ ಬಿಸಿಲನ್ನು ಚದುರಿಸಿ ಕೆನ್ನೆಯ ಮೇಲೆ ಹರಡಿದ ಮೆದು ಬೆಳಕು ಉಳಿದೇ ಇರುತ್ತದೆ. ನೋಡಿದವರು ಲೆನ್ಸ್ ಬಲು ಚಲೋ ಅದ ಎನ್ನುತ್ತಾರೆ. ಫೋಟೋಶಾಪಿನ ವಂಶಮೂಲವೂ ನಮ್ಮ ವಾದಕ್ಕೇ ಸಾಕ್ಷಿ. ಅದರ ನಿರ್ಮಾತೃಗಳಲ್ಲೊಬ್ಬನಾದ ಜಾನ್ ನೋಲ್ ಪ್ರಾತ್ಯಕ್ಷಿಕೆಗೆ ಬಳಸುತ್ತಿದ್ದದ್ದು 1987ರಲ್ಲಿ ಬೋರಾ ಬೋರಾ ದ್ವೀಪದ ಕಡಲ ದಂಡೆಯಲ್ಲಿ ತೆಗೆದ ‘ಜೆನ್ನಿಫರ್ ಇನ್ ಪ್ಯಾರಡೈಸ್’ ಎಂಬ ಬಯಲು ಚಿತ್ರ. ಅದರಲ್ಲಿ ಹೆಸರಿದೆ, ದ್ವೀಪವಿದೆ, ಮರಳಿದೆ. ಹೆಂಗಸು ಬೆನ್ನು ತಿರುಗಿಸಿ ಕೂತಿದ್ದಾಳೆ.

ಇನ್ನು ಪೂರ್ವಪಕ್ಷ. ಕಲ್ಲಿನ ಶಿಲ್ಪಕ್ಕೂ ಫೋಟೋಗೂ ಏನು ಸಂಬಂಧ, ಫೋಟೋದಲ್ಲಿ ಬೆಳಕು ನಿಜವಾದ ಮೈಗೆ ತಾಗಿ ಬಂದಿರುತ್ತದಲ್ಲ ಎನ್ನುವವರಿದ್ದಾರೆ. ತಾಗಿ ಬಂದದ್ದು ಹೌದು. ಉಳಿದದ್ದೆಷ್ಟು ಎಂಬುದನ್ನು ಹಿಂದಿನ ಪರಿಚ್ಛೇದದಲ್ಲಿ ಹೇಳಿದೆ. ತಿದ್ದುಪಡಿ ಇಲ್ಲದ ಫೋಟೋ ಆದರೂ ರೂಪದರ್ಶಿಯನ್ನು ತೋರಿಸುತ್ತದಲ್ಲ ಎಂದರೆ, ಆಧಾರ್ ಕಾರ್ಡು ತೆಗೆದು ನೋಡಬಹುದು. ಅದರಲ್ಲಿ ಯಾವ ತಿದ್ದುಪಡಿಯೂ ಇಲ್ಲ, ಯಾರ ಗುರುತೂ ಸಿಗುವುದಿಲ್ಲ. ಕೆಲಸ ನಡೆಯುವುದು ಹೆಸರು, ನಂಬರು, ಬೆರಳಚ್ಚಿನಿಂದ.

ಗಟ್ಟಿಯಾದ ಆಕ್ಷೇಪ ತಾಯಿಯದು. ಬೇರೆ ಯಾರೇನೇ ಹೇಳಲಿ, ಹೆತ್ತವಳು ಫೋಟೋದಲ್ಲಿ ತನ್ನ ಮಗಳನ್ನೇ ಹುಡುಕುತ್ತಾಳೆ, ಆದ್ದರಿಂದ ಮಗಳು ನಿಲ್ಲಲೇಬೇಕು ಎಂಬ ವಾದ. ಈ ವಾದ ಮಂಡಿಸುವವರು ತಾಯಂದಿರು ಸ್ಟುಡಿಯೋದಲ್ಲಿ ಆಡುವ ಮಾತನ್ನು ಕೇಳಿಲ್ಲವೆಂದು ಕಾಣುತ್ತದೆ: “ತಮ್ಮಾ, ಹುಡುಗಿ ಜರಾ ಬೆಳ್ಳಗ ಕಾಣ್ಬೇಕು ನೋಡು.” ಇಲ್ಲಿ ವಿಷಯಾಂತರವಾದರೂ ಒಂದು ತಾಂತ್ರಿಕ ಸಂಗತಿ ಹೇಳಬೇಕಾಗಿದೆ. ಕ್ಯಾಮೆರಾದ ಮೀಟರು ಎದುರಿಗಿರುವ ದೃಶ್ಯವೆಲ್ಲ ಸರಾಸರಿ ಒಂದು ನಡುಬೂದು, ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 18 ಪಾಲು ಮರಳಿಸುವಂಥದ್ದು ಎಂದು ಎಣಿಸಿ ಲೆಕ್ಕ ಹಾಕುತ್ತದೆ. ಹುಡುಗಿಯ ಹಿಂದೆ ಬಿಸಿಲಿಗೆ ಬೆಳಗುವ ಶಹಾಬಾದಿ ಫರಸಿಯ ಗೋಡೆ, ಕಾಲಡಿಗೂ ಅದೇ ಫರಸಿ ಇದ್ದರೆ ಮೀಟರು ಮೋಸ ಹೋಗುತ್ತದೆ. ಬೆಳಕು ಹೆಚ್ಚಾಯಿತೆಂದು ತಗ್ಗಿಸುತ್ತದೆ. ಬೆಳಗುವ ಕಲ್ಲು ಮಂಕಾಗುತ್ತದೆ, ಕಂದು ಮುಖ ಕಪ್ಪಾಗುತ್ತದೆ. ಮುಖದ ಮೇಲೆ ಬಿದ್ದ ಬೆಳಕನ್ನೇ ಅಳೆದರೆ, ಇಲ್ಲವೇ ಎಕ್ಸ್‌ಪೋಶರನ್ನು ಒಂದು ಸ್ಟಾಪ್ ಏರಿಸಿದರೆ ಅದೇ ಮುಖ ತನ್ನ ಬಣ್ಣದಲ್ಲೇ, ಎಣ್ಣೆಗಪ್ಪಿನ ಹೊಳಪಿನಲ್ಲೇ ಚೆಂದ ಬರುತ್ತದೆ. ತಪ್ಪು ಅಳತೆಯದು, ಮೈಬಣ್ಣದ್ದಲ್ಲ. ಆದರೆ ಅಳತೆ ತಿದ್ದುವುದು ಶೂಟಿಂಗಿನಲ್ಲಿ ಅರೆಗಳಿಗೆಯ ಕೆಲಸ, ಅದಕ್ಕೆ ಪ್ರತ್ಯೇಕ ರೇಟಿಲ್ಲ. ಬೆಳ್ಳಗೆ ಮಾಡುವುದಕ್ಕೆ ರೇಟಿದೆ. ಮುಖ್ಯ ವಿಷಯಕ್ಕೆ ಮರಳುವುದಾದರೆ: ತಾಯಿ ಹುಡುಕುತ್ತಿರುವುದು ಮಗಳನ್ನಲ್ಲ, ಬೀಗರ ಕಣ್ಣಿಗೆ ಬೀಳಬೇಕಾದ ಇನ್ನೊಬ್ಬಳನ್ನು. ಆ ಇನ್ನೊಬ್ಬಳು ಮಳಖೇಡಕ್ಕೆ ಬಂದಿರಲಿಲ್ಲ. ಬಾರದವಳ ಸಲುವಾಗಿ ಬಂದವಳನ್ನು ಬಿಸಿಲಿಗೆ ನಿಲ್ಲಿಸುವುದು ಯಾವ ನ್ಯಾಯ?

ಆದ್ದರಿಂದ ಕಾರ್ಯರೂಪದ ಸಲಹೆ ಇಷ್ಟು. ಗುಂಡಗುರ್ತಿ ಸುತ್ತಿನ ಫೋಟೋಗ್ರಾಫರರು ಇನ್ನು ಮುಂದೆ ಕೋಟೆ, ಡ್ಯಾಮು, ತೊಗರಿಹೊಲಗಳನ್ನು ಖಾಲಿಯಾಗಿಯೇ ತೆಗೆಯಬಹುದು. ಮುಖದ ಜಾಗಕ್ಕೆ ನುಣ್ಣನೆಯ ಒಂದು ಮುಖವನ್ನು ಹಾಕಿ, ಕನಗನಹಳ್ಳಿಯ ಮಾದರಿಯಲ್ಲಿ ಹೆಸರನ್ನು ದೊಡ್ಡಕ್ಷರದಲ್ಲಿ ಬರೆಯಬೇಕು. ಮದುವೆಯ ಕರಿಜ್ಮಾ ಆಲ್ಬಂಗಳ ಮೊದಲ ಪುಟದಲ್ಲಿ ಹೃದಯದ ಚಿತ್ರದೊಳಗೆ ಗಂಡುಹೆಣ್ಣುಗಳ ಹೆಸರು ಈಗಾಗಲೇ ಇರುವುದರಿಂದ ಹೊಸ ಖರ್ಚು ಬೀಳದು. ಹಾಗಾದರೆ ಹುಡುಗಿಯನ್ನು ಕರೆಯುವುದೇ ಬೇಡವೇ ಎಂಬ ಕೊನೆಯ ಶಂಕೆ ಉಳಿಯುತ್ತದೆ. ಕರೆಯಬೇಕು. ಬಿಸಿಲನ್ನು ಮರಳಿಸಲು ಥರ್ಮೋಕೋಲ್ ಹಾಳೆ ಹಿಡಿಯುವುದಕ್ಕೆ ಒಬ್ಬರು ಬೇಕೇ ಬೇಕು, ಆ ಹುಡುಗನಿಗೆ ದಿನಗೂಲಿ ಕೊಡಬೇಕಾಗುತ್ತದೆ. ಹುಡುಗಿ ಪುಕ್ಕಟೆ ಹಿಡಿಯುತ್ತಾಳೆ, ಹಾಳೆಯ ಹಿಂದೆ ಒಳ್ಳೆಯ ನೆರಳೂ ಇರುತ್ತದೆ.