ಕಡ್ಡಿಹುಳು ರಾಯರು

ಇಂಗ್ಲೆಂಡಿನ ಕನ್ನಡಿಗರ ಮನೆಗೆ ಊಟಕ್ಕೆ ಹೋದರೆ ಹೊರಡುವಾಗ ಕೈಗೊಂದು ಡಬ್ಬಿ ಬರುವುದು ವಾಡಿಕೆ. ಪುಳಿಯೋಗರೆ ಗೊಜ್ಜೋ ಕೋಡುಬಳೆಯೋ ಇರುತ್ತದೆ. ರಾಯರು ಕೊಡುವ ಡಬ್ಬಿಯ ಮುಚ್ಚಳದಲ್ಲಿ ಮಾತ್ರ ತೂತುಗಳಿರುತ್ತವೆ.

ಒಳಗಿರುವುದು ಕಡ್ಡಿಹುಳು. ತರಗತಿಯಲ್ಲಿ ಸಾಕಿದ್ದನ್ನು ಮಗಳು ರಜೆಗೆಂದು ಮನೆಗೆ ತಂದಳು. ವಾರದಲ್ಲಿ ಅವಳ ಹುಚ್ಚು ಬಿಟ್ಟಿತು, ರಾಯರಿಗೆ ಹಿಡಿಯಿತು. ಮಕ್ಕಳು ಕೈಬಿಟ್ಟ ಹವ್ಯಾಸಗಳನ್ನೆಲ್ಲ ದತ್ತು ತೆಗೆದುಕೊಳ್ಳುವ ಅಪ್ಪಂದಿರ ಪೈಕಿ ಅವರು. ಹಿಂದೆ ಕೀಬೋರ್ಡೂ ಹೀಗೇ ಅವರ ಪಾಲಿಗೆ ಬಂದಿತ್ತು. ಹುಳುಗಳಿಂದ ಸದ್ದಾದರೂ ಇಲ್ಲ.

"ಇವು ನಮ್ಮ ಕಡೆಯವೇ ಸ್ವಾಮಿ" ಎಂದೇ ಪರಿಚಯ ಶುರು. ಸುಳ್ಳಲ್ಲ. ಯುರೋಪಿನ ಶಾಲೆ, ಪ್ರಯೋಗಾಲಯಗಳಲ್ಲಿ ತಲೆಮಾರುಗಳಿಂದ ಸಾಕುತ್ತಿರುವ ಈ ಜಾತಿಯ ಮೂಲ ತಮಿಳುನಾಡಿನ ಪಳನಿ ಬೆಟ್ಟಗಳು. ವಿಜ್ಞಾನಿಗಳು ಹೆಸರಿಟ್ಟದ್ದು 1901ರಲ್ಲಿ. "ಕೊಡೈಕೆನಾಲ್ ಪಕ್ಕದವು. ವೀಸಾ ಇಲ್ಲದೆ ನಮಗಿಂತ ಮೊದಲೇ ಬಂದು ಸೆಟಲ್ ಆಗಿವೆ!"

ಹೆಂಡತಿ ಕೊತ್ತಂಬರಿ ತನ್ನಿ ಎಂದರೆ ಮಳೆಯ ನೆವ ಹೇಳುವವರು, ಹುಳುಗಳ ಬ್ಲ್ಯಾಕ್‌ಬೆರಿ ಸೊಪ್ಪಿಗಾಗಿ ಜನವರಿಯ ಜಡಿಯಲ್ಲೂ ಕತ್ತರಿ ಹಿಡಿದು ಕಾಲುವೆ ದಂಡೆಗೆ ಹೊರಡುತ್ತಾರೆ. ಪೊರೆ ಬಿಡುವಾಗ ಅವು ತಲೆಕೆಳಗಾಗಿ ಜೋತುಬೀಳಬೇಕು, ಗೂಡಿನ ಎತ್ತರ ಮೈಯುದ್ದದ ಮೂರು ಪಟ್ಟಾದರೂ ಬೇಕು. ಹೀಗಾಗಿ ಎತ್ತರದ ಗಾಜಿನ ಪೆಟ್ಟಿಗೆಗೆ ಹಾಲಿನಲ್ಲಿ ಜಾಗವಾಯಿತು, ಟೀವಿ ಮೂಲೆಗೆ ಸರಿಯಿತು. ಬಂದವರು ಅದರ ಮುಂದೆ ಕೂರಬೇಕು. ಹಗಲೆಲ್ಲ ಅಲ್ಲಾಡದಿರುವುದೇ ಈ ಜೀವದ ಕಸುಬು. ಕಣ್ಣು ಕಿರಿದು ಮಾಡಿ, "ರಾಯರೇ, ಇದರಲ್ಲಿ ಹುಳು ಯಾವುದು, ಕಡ್ಡಿ ಯಾವುದು?" ಎಂದು ಕೇಳಿದರೆ ಅವರಿಗೆ ಪರಮಾನಂದ. ಬೆರಳಿಂದ ಒಂದನ್ನು ಮುಟ್ಟುತ್ತಾರೆ; ಅದು ಕಾಲು ಸೆಟೆದು ಸತ್ತಂತೆ ಬೀಳುತ್ತದೆ. "ಎಂಥ ಆಕ್ಟಿಂಗ್ ನೋಡಿ!"

ತೊಂದರೆಯಿರುವುದು ಸಂತಾನದಲ್ಲಿ. ಈ ಜಾತಿಯಲ್ಲಿ ಗಂಡು ಹುಟ್ಟುವುದೇ ಅಪರೂಪ. ಹೆಣ್ಣು ಒಂಟಿಯಾಗಿಯೇ ಮೊಟ್ಟೆ ಉದುರಿಸುತ್ತ ಹೋಗುತ್ತದೆ. ಜಾತಕ, ಛತ್ರ ಯಾವುದರ ಗೊಡವೆಯೂ ಇಲ್ಲ. ಒಂದೊಂದೂ ನೂರಾರು ಇಡುತ್ತದೆ. ಹೆಚ್ಚಾದ ಮೊಟ್ಟೆಗಳನ್ನು ಫ್ರೀಜರಿನಲ್ಲಿಟ್ಟು ಆಮೇಲೆ ಎಸೆಯಿರಿ ಎಂಬುದು ಬಲ್ಲವರ ಸಲಹೆ. ಆದರೆ ರಾಯರೋ, ಕೇಕಿನಲ್ಲಿ ಮೊಟ್ಟೆಯಿದೆಯೇ ಎಂದು ಹುಟ್ಟುಹಬ್ಬಗಳಲ್ಲಿ ವಿಚಾರಣೆ ನಡೆಸುವ ಜನ. ಹೇಗೋ ಮನಸ್ಸು ಗಟ್ಟಿ ಮಾಡಿ ಒಮ್ಮೆ ಇಟ್ಟರು, ತುರಿದ ತೆಂಗಿನಕಾಯಿಯ ಪಕ್ಕದಲ್ಲಿ. "ರೀ, ಇದೇನು ಸಾಸಿವೆ ಇಲ್ಲಿಟ್ಟಿದ್ದೀರಾ?" ಎಂದು ಆ ಮಹಾತಾಯಿ ಕೇಳಿದ್ದೇ ಕೊನೆ, ಆ ದಾರಿ ಮುಚ್ಚಿತು.

ಹೊರಗೆ ಬಿಡುವಂತೆಯೂ ಇಲ್ಲ. ಈ ವಿಷಯದಲ್ಲಿ ರಾಯರ ವಿವೇಕ ಮೆಚ್ಚಬೇಕು: ಹಾಗೆ ತಪ್ಪಿಸಿಕೊಂಡವು ಕ್ಯಾಲಿಫೋರ್ನಿಯದ ತೋಟಗಳಲ್ಲಿ ಪೀಡೆಯಾಗಿ ಕೂತಿವೆ. ಉಳಿದದ್ದು ದಾನವೊಂದೇ. ಯುಗಾದಿ, ರಾಜ್ಯೋತ್ಸವ, ಸತ್ಯನಾರಾಯಣ ಪೂಜೆ, ಎಲ್ಲ ಕಡೆಯೂ ರಾಯರ ಚೀಲದಲ್ಲಿ ನಾಲ್ಕಾರು ಡಬ್ಬಿಗಳಿರುತ್ತವೆ. ಅವರ ಕಾರು ಕಂಡೊಡನೆ ಕೆಲವರಿಗೆ ಬೇರೆ ಕಡೆ ತುರ್ತು ಕೆಲಸ ನೆನಪಾಗುತ್ತದೆ.

ಮಕ್ಕಳಿರುವ ಓದುಗರಲ್ಲಿ ನನ್ನದೊಂದು ವಿನಂತಿ: ರಾಯರ ಹೊರೆ ಇಳಿಸಲು ಒಂದನ್ನಾದರೂ ಒಯ್ಯಿರಿ. ಒಂದೇ ಸಾಕು, ವರ್ಷದೊಳಗೆ ನೀವೂ ಹಂಚಲು ಹೊರಡುತ್ತೀರಿ.