ಕೆಲಸಕ್ಕೆ ಬಾರದ ಒಂದು ಸಂಖ್ಯೆ

2147483647. ಹತ್ತು ಅಂಕಿ ನೋಡಿದ ಕೂಡಲೇ ಯಾರದೋ ಮೊಬೈಲ್ ನಂಬರ್ ಅನ್ನಿಸುತ್ತದೆ. ನಮ್ಮ ಮೊಬೈಲುಗಳು ಎರಡರಿಂದ ಶುರುವಾಗುವುದಿಲ್ಲ, ಹಾಗಾಗಿ ಕರೆ ಮಾಡಿ ನೋಡುವ ಚಪಲ ಬೇಡ. ಬಾಯಲ್ಲಿ ಹೇಳುವುದಾದರೆ ಇನ್ನೂರ ಹದಿನಾಲ್ಕು ಕೋಟಿ ಚಿಲ್ಲರೆ. ಆ ಚಿಲ್ಲರೆಯೇ ಹತ್ತಿರ ಹತ್ತಿರ ಮುಕ್ಕಾಲು ಕೋಟಿ!

ಮೂವತ್ತೊಂದು ಎರಡುಗಳನ್ನು ಗುಣಿಸಿ ಒಂದು ಕಳೆದರೆ ಇದು ಸಿಗುತ್ತದೆ. ನಾವು ಬರೆಯುವ ದಶಮಾನದಲ್ಲಿ ಹಿಂದುಮುಂದಿಲ್ಲದ ಅಂಕಿಗಳ ಗುಂಪು. ಕಂಪ್ಯೂಟರಿನ ದ್ವಿಮಾನದಲ್ಲಿ ಬರೆದರೆ ಸಾಲಾಗಿ ಮೂವತ್ತೊಂದು ಒಂದುಗಳು, ನಡುವೆ ಸೊನ್ನೆಯ ಸುಳಿವೂ ಇಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ನೋಡಿದ್ದರೆ ಖುಷಿಪಡುತ್ತಿದ್ದರು. ಅವರ 'ಗಣಿತಸಾರಸಂಗ್ರಹ'ದಲ್ಲಿ 27994681ನ್ನು 441ರಿಂದ ಗುಣಿಸಿ 12345654321 ಎಂಬ ಹಾರ ಪೋಣಿಸುವಂಥ ಲೆಕ್ಕಗಳಿವೆ. ಲೆಕ್ಕದ ಪುಸ್ತಕದಲ್ಲೂ ಒಡವೆಯ ಆಸೆ.

ನಮ್ಮ ಸಂಖ್ಯೆ ಅವಿಭಾಜ್ಯ. ಇಟಲಿಯ ಗಣಿತಜ್ಞ ಕಟಾಲ್ಡಿ ಬಹಳ ಹಿಂದೆಯೇ ಹಾಗೆಂದಿದ್ದ. ಆದರೆ ಅದೇ ಉಸಿರಿನಲ್ಲಿ ಇನ್ನೂ ಕೆಲವು ಸಂಖ್ಯೆಗಳ ಬಗ್ಗೆ ತಪ್ಪಾಗಿ ಹಾಗೇ ಅಂದಿದ್ದರಿಂದ ಅವನ ಮಾತಿಗೆ ಬೆಲೆ ಉಳಿಯಲಿಲ್ಲ. ಸಾಧಿಸಿ ತೋರಿಸಿದವನು ಗಣಿತಜ್ಞ ಆಯ್ಲರ್, 1772ರಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ಆಗ ಅವನಿಗೆ ಕಣ್ಣು ಹೆಚ್ಚುಕಡಿಮೆ ಕಾಣುತ್ತಲೇ ಇರಲಿಲ್ಲ. 46340ರವರೆಗಿನ, ಅಂದರೆ ವರ್ಗಮೂಲದವರೆಗಿನ, ಎಲ್ಲದರಿಂದ ಭಾಗಿಸುತ್ತ ಕೂರುವ ಜಾಯಮಾನವೂ ಅವನದಲ್ಲ. ಈ ಸಂಖ್ಯೆಗೆ ಅವಿಭಾಜ್ಯ ಅಪವರ್ತನ ಇರುವುದೇ ಆದರೆ ಅದನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರಲೇಬೇಕು ಎಂದು ಮೊದಲೇ ಕಂಡುಕೊಂಡು, ಸಾವಿರಾರು ಭಾಗಾಕಾರಗಳನ್ನು ಹೆಚ್ಚೆಂದರೆ 372ಕ್ಕೆ ಇಳಿಸಿದ. ಸೋಮಾರಿತನ ಈ ಮಟ್ಟದ್ದಾದರೆ ಅದನ್ನು ಪ್ರತಿಭೆ ಎನ್ನಬೇಕಾಗುತ್ತದೆ.

ಈ ಅವಿಭಾಜ್ಯದ ಬೆನ್ನಿಗೇ ಹತ್ತೊಂಬತ್ತು ಅಂಕಿಯ ಒಂದು ಪರಿಪೂರ್ಣ ಸಂಖ್ಯೆ ಬಂತು: 2305843008139952128. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದರೆ ತಾನೇ ಬರುವ ಆಸಾಮಿ. 1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೋ ಇದರ ಬಗ್ಗೆ ತೀರ್ಪು ಕೊಟ್ಟ: ಇದಕ್ಕಿಂತ ದೊಡ್ಡದನ್ನು ಇನ್ನು ಯಾರೂ ಕಂಡುಹಿಡಿಯಲಾರರು, ಯಾಕೆಂದರೆ ಇವು ಬರೀ ಕುತೂಹಲದ ವಸ್ತುಗಳು, ಉಪಯೋಗ ಶೂನ್ಯ. ಪಾಪ, ಜನರಿಗೆ ಬೇರೆ ಕೆಲಸವಿರುತ್ತದೆ ಎಂದು ನಂಬಿದ್ದ ಮನುಷ್ಯ. 2024ರಲ್ಲಿ ಸಿಕ್ಕ, ನಮ್ಮ ಸಂಖ್ಯೆಯದೇ ಜಾತಿಯ ಅವಿಭಾಜ್ಯಕ್ಕೆ ನಾಲ್ಕು ಕೋಟಿಗೂ ಹೆಚ್ಚು ಅಂಕಿಗಳಿವೆ.

ಉಪಯೋಗದ ಮಾತಿಗೆ ಬಂದರೆ, ಕಂಪ್ಯೂಟರಿನ 32 ಬಿಟ್‌ಗಳಲ್ಲಿ ಒಂದನ್ನು ಪ್ಲಸ್ಸು-ಮೈನಸ್ಸಿಗೆ ಬಿಟ್ಟುಕೊಟ್ಟರೆ ಉಳಿಯುವುದು ಮೂವತ್ತೊಂದು. ಅಷ್ಟರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ನಮ್ಮ ಈ ನಿರುಪಯೋಗಿಯೇ. 2014ರಲ್ಲಿ 'ಗಂಗ್ನಮ್ ಸ್ಟೈಲ್' ಕುಣಿತವನ್ನು ಜಗತ್ತು ನೋಡಿದ್ದೇ ನೋಡಿದ್ದು, ಯೂಟ್ಯೂಬಿನ ಎಣಿಕೆ ಈ ಗಡಿಯನ್ನೂ ದಾಟಿತು. ಅದಕ್ಕೆ 64 ಬಿಟ್‌ನ ದೊಡ್ಡ ಮನೆ ಮಾಡಿಕೊಡಬೇಕಾಯಿತು.

1970ರ ಮೊದಲ ದಿನದಿಂದ ಸೆಕೆಂಡು ಎಣಿಸುತ್ತಿರುವ ಹಳೆಯ 32 ಬಿಟ್ ಯಂತ್ರಗಳು ಈ ಸಂಖ್ಯೆ ಮುಟ್ಟುವುದು 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಅಷ್ಟರೊಳಗೆ ರಿಪೇರಿ ಆಗದವು ಮರುಕ್ಷಣವೇ 1901ರ ಡಿಸೆಂಬರಿಗೆ ಹಾರುತ್ತವೆ. 2038ರ ಆ ದಿನ ಮಂಗಳವಾರ. ರಾಹುಕಾಲ ಇರುವುದು ಮಧ್ಯಾಹ್ನ ಮೂರಕ್ಕೆ, ಆದ್ದರಿಂದ ತಪ್ಪನ್ನು ಅದರ ತಲೆಗೆ ಕಟ್ಟುವಂತಿಲ್ಲ.