ಪೈಪ್‌ಲೈನ್ ಕಾಕಾ

ಹುಣಸಗಿಯ ರಿಪೇರಿ ಅಂಗಡಿಗಳಿಗೆ ಒಂದು ತೆರನ ಗಿರಾಕಿ ಬರುತ್ತಾರೆ. ಸಾಮಾನು ಬೇಕು ಅನ್ನುತ್ತಾರೆ, ಯಾವ ಮಿಷನ್ನಿಗೆ ಅಂತ ಮಾತ್ರ ಬಾಯಿ ಬಿಡುವುದಿಲ್ಲ. ಮಿಕ್ಸರ್ ಕೆಟ್ಟವರು ಮಿಕ್ಸರನ್ನೇ ತಂದು ಕೌಂಟರಿನ ಮೇಲೆ ಕುಕ್ಕುತ್ತಾರೆ. ಇವರು ಅಂಗಡಿ ಖಾಲಿಯಾಗುವ ತನಕ ಎದುರಿನ ಕಟ್ಟೆಯ ಮೇಲೆ ಕೂತಿದ್ದು, ಆಮೇಲೆ ಒಳಗೆ ಬಂದು, ಅಂಗಿಯ ಒಳಜೇಬಿನಿಂದ ಕಾಗದದ ಪುಡಿಕೆ ತೆಗೆದು, ಸುಟ್ಟ ಟ್ರಾನ್ಸಿಸ್ಟರೊಂದನ್ನು ಅಂಗೈಯಲ್ಲಿಟ್ಟು ತೋರಿಸುತ್ತಾರೆ.

"ತಮ್ಮಾ, ಇಂಥಾದ್ದು ಸಿಗ್ತದೇನು?"

"ಯಾತಕ್ಕ ಕಾಕಾ?"

"ಒಂದು ಸಣ್ಣ ಮಿಷನ್ ಅದ. ಹೊಲದಾಗ ಪೈಪ್‌ಲೈನ್ ಯಾವ ಕಡಿ ಹೋಗ್ಯಾದ ನೋಡಾಕ."

"ಯಾವಾಗ ಬೇಕ್ರಿ?"

"ಅವಸರ ಏನಿಲ್ಲ. ಅಮಾಸಿ ಒಳಗ ಆದ್ರ ಸಾಕು."

ಅಮಾವಾಸ್ಯೆಯ ರಾತ್ರಿಯೇ ಹುಡುಕಬೇಕಾದ ಪೈಪ್‌ಲೈನ್ ಎಂಥದ್ದೆಂದು ಅಂಗಡಿಯ ಹುಡುಗನಿಗೂ ಗೊತ್ತು, ಪಕ್ಕದ ಚಹಾದಂಗಡಿಯವರಿಗೂ ಗೊತ್ತು, ಬಸ್‌ಸ್ಟ್ಯಾಂಡಿನಲ್ಲಿ ಕೆಲಸವಿಲ್ಲದೆ ಕೂತವರಿಗೂ ಗೊತ್ತು. ಯಾರಿಗೂ ಗೊತ್ತಿಲ್ಲ ಅಂತ ನಂಬಿರುವವರು ಕಾಕಾ ಒಬ್ಬರೇ.

ಅವರ ಹೆಸರು ಕೇಳಬೇಡಿ. ಇಂಥವರು ಸುರಪುರದಲ್ಲಿದ್ದಾರೆ, ಶಹಾಪುರದಲ್ಲಿದ್ದಾರೆ, ಕೃಷ್ಣೆಯ ಆಚೆ ದಂಡೆಗೆ ಲಿಂಗಸುಗೂರಿನಲ್ಲೂ ಇದ್ದಾರೆ. ಕಾಲುವೆಯ ನೀರು ಕಂಡ ಒಂದಿಷ್ಟು ಭತ್ತದ ಗದ್ದೆ, ಹೆಗಲ ಮೇಲೆ ಟವೆಲ್, ಸಾಲವಿಲ್ಲದ ಬದುಕು. ಕಾಕಾನಿಗೆ ಬಂಗಾರದ ದರ್ದೇನೂ ಇಲ್ಲ. ಗುಡಿಯ ಲಿಂಗ ಕಿತ್ತು ಕೆಳಗೆ ಗುಂಡಿ ತೋಡುವ ನಿಧಿಗಳ್ಳರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ಅನ್ನ ಸೆಳೆಯುವ ಚೊಂಬು, ಎರಡು ತಲೆಯ ಹಾವು, ಅಂಜನ ಹಾಕಿ ನೋಡುವವರು, ಎಲ್ಲವೂ ಅವರ ಲೆಕ್ಕದಲ್ಲಿ ಮೋಸ. "ನಮ್ದು ಸೈನ್ಸು" ಅನ್ನುತ್ತಾರೆ.

ಈ ಸೈನ್ಸಿಗೆ ಬೆನ್ನಿಗಿರುವುದು ಇತಿಹಾಸ. ಔರಂಗಜೇಬ 1705ರಲ್ಲಿ ಸುರಪುರದ ಹತ್ತಿರದ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ್ದು, ಬೇಡರ ನಾಯಕ ಕೊನೆಗೆ ಕೋಟೆ ಬಿಟ್ಟು ರಾತ್ರೋರಾತ್ರಿ ತಪ್ಪಿಸಿಕೊಂಡಿದ್ದು ಪುಸ್ತಕದಲ್ಲಿ ಓದಿದವರಿಗೆ ಯುದ್ಧದ ಕಥೆ. ಕಾಕಾನಿಗೆ ಅದು ಸಾಗಾಣಿಕೆಯ ಲೆಕ್ಕ: "ಕತ್ತಲದಾಗ ಓಡಿ ಹೋಗಾವ್ರು ಎಷ್ಟಂತ ಹೊತ್ಕೊಂಡು ಹೋದಾರು? ಉಳಿದದ್ದು ಎಲ್ಲಿ ಹೋಯ್ತು?" 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಬಂಡಾಯ ಮುರಿದಾಗಲೂ ಇದೇ ಪ್ರಶ್ನೆ. ಮೆಡೋಸ್ ಟೇಲರ್ ಸಾಹೇಬ ಈ ಸೀಮೆಯ ಕಲ್ಲುವೃತ್ತದ ಹಳೇ ಗೋರಿಗಳನ್ನು ಅಗೆಸಿ, ಎಲುಬು, ಮಡಿಕೆ, ಕಬ್ಬಿಣ ಸಿಕ್ಕಿತೆಂದು ಬರೆದಿಟ್ಟಿದ್ದಾನೆ ಅಂದರೆ ಕಾಕಾ ಮೀಸೆಯೊಳಗೇ ನಗುತ್ತಾರೆ. "ಬಂಗಾರ ಸಿಕ್ಕಿದ್ರ ಬರೀತಿದ್ನೇನು?"

ಇನ್ನು ಮಿಷನ್ನಿನ ವಿಷಯ. ಅದು ನೆಲದೊಳಗಿನ ಲೋಹ ಹುಡುಕುವಂಥದ್ದು, ಅಮೆರಿಕದ್ದು, ಕೈ ಬದಲಿಸುತ್ತ ಬದಲಿಸುತ್ತ ಇಲ್ಲಿಗೆ ಬಂದದ್ದು. ಮಾಡಿದ ವೈಟ್ಸ್ ಕಂಪನಿಯೇ 2020ರಲ್ಲಿ ಬಾಗಿಲು ಹಾಕಿತು. ಹಾಕದಿದ್ದರೂ ಹುಣಸಗಿಗೆ ಸ್ಪೇರ್ ಕಳಿಸುತ್ತಿದ್ದರೆಂದು ನನಗೇನೂ ಅನ್ನಿಸುವುದಿಲ್ಲ. ನಾಲ್ಕು ಜನ ಪಾಲು ಹಾಕಿ ಕೊಂಡದ್ದು. ಆ ನಾಲ್ವರಿಗೆ ಒಬ್ಬರ ಮೇಲೊಬ್ಬರಿಗೆ ಎಂಥ ವಿಶ್ವಾಸವೆಂದರೆ, ಮಿಷನ್ನನ್ನು ಬಿಚ್ಚಿ ಹಂಚಿಕೊಂಡಿದ್ದಾರೆ. ಡಬ್ಬಿ ಕಾಕಾನ ಮನೆಯಲ್ಲಿ, ಕೆಳಗಿನ ತಟ್ಟೆಯಂಥ ಕಾಯಿಲ್ ಕೊಡೇಕಲ್ಲಿನ ಬೀಗರ ಅಟ್ಟದಲ್ಲಿ, ಹೆಡ್‌ಫೋನ್ ಕಕ್ಕೇರಿಯಲ್ಲಿ, ಹಿಡಿಕೆಯ ಕೋಲು ನಾರಾಯಣಪುರ ಡ್ಯಾಮಿನ ಕಡೆ ಇರುವ ನಾಲ್ಕನೆಯವರಲ್ಲಿ. ಒಬ್ಬರೇ ಹೋಗಿ ತೋಡಿಕೊಳ್ಳದಿರಲಿ ಅಂತ ಈ ವ್ಯವಸ್ಥೆ. ಹೀಗಾಗಿ ಮಿಷನ್ ಕೆಟ್ಟಿದೆ ಅಂತ ಗೊತ್ತಾಗುವುದಕ್ಕೂ ಒಂದು ಅಮಾವಾಸ್ಯೆ ಬರಬೇಕು.

ಕೆಡುವುದು ಸಾಮಾನ್ಯವಾಗಿ ದೊಡ್ಡದೇನೂ ಅಲ್ಲ. ಕಾಯಿಲ್ಲಿನ ಕೊರಳಲ್ಲಿ ಕೇಬಲ್ ಬಾಗಿ ಬಾಗಿ ಒಳಗೇ ತುಂಡಾಗುತ್ತದೆ. ತೆಗೆಯದೇ ಬಿಟ್ಟ ಸೆಲ್ಲು ಸೋರಿ ಸ್ಪ್ರಿಂಗು ಹಸಿರು ಹಿಡಿಯುತ್ತದೆ. ಗುಬುಟು ತಿರುವಿದರೆ ಕರಕರ ಅನ್ನುತ್ತದೆ, ಯಾಕಂದರೆ ಒಳಗಿನ ಇಂಗಾಲದ ಪಟ್ಟಿ ಸವೆದಿರುತ್ತದೆ. ಆ ಗುಬುಟಿನ ಜಾಗಕ್ಕೆ ಹಳೇ ಟೇಪ್‌ರೆಕಾರ್ಡರಿನ ವಾಲ್ಯೂಮ್ ಕಂಟ್ರೋಲ್ ಕೂರಿಸಿ ಕಾಕಾ ಪಾರಾದರು. ಕಂಡೆನ್ಸರ್ ಒಣಗಿದ್ದಕ್ಕೆ ಸತ್ತ ಟಿವಿಯ ಬೋರ್ಡಿನಿಂದ ಕಿತ್ತು ಹಾಕಿದರು. ಸಿಕ್ಕಿಬಿದ್ದದ್ದು ಕಾಯಿಲ್ಲಿನಲ್ಲಿ.

ಆ ತಟ್ಟೆಯೊಳಗೆ ತಂತಿಯ ಸುತ್ತು ಒಂದಲ್ಲ, ಎರಡು. ಒಂದು ಕಳಿಸುತ್ತದೆ, ಇನ್ನೊಂದು ಕೇಳುತ್ತದೆ. ಸುತ್ತಲೂ ಲೋಹವಿಲ್ಲದಾಗ ಒಂದರ ಸದ್ದು ಇನ್ನೊಂದಕ್ಕೆ ಹತ್ತದ ಹಾಗೆ ಎರಡನ್ನೂ ತುಸುವೇ ಒಂದರ ಮೇಲೊಂದು ಸರಿಸಿ, ಅಂಟು ಸುರಿದು ಗಟ್ಟಿ ಮಾಡಿರುತ್ತಾರೆ. ಕೂದಲೆಳೆಯಷ್ಟು ಜರುಗಿದರೂ ಆಟ ಮುಗಿಯಿತು. ಕಾಕಾ ಇದನ್ನು ಒಯ್ದದ್ದು ಪಂಪ್‌ಸೆಟ್ ಮೋಟಾರು ಸುತ್ತುವವನ ಹತ್ತಿರ. ಅವನು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ ಕೇಳಿದ್ದು ಒಂದೇ ಮಾತು: "ಎಷ್ಟು ಎಚ್‌ಪಿ ಕಾಕಾ?" ಆಮೇಲೆ ಉಳಿ ಹಚ್ಚಿ ಅಂಟು ಒಡೆದು ಚೊಕ್ಕಟವಾಗಿ ಸುತ್ತಿಕೊಟ್ಟ. ಅವತ್ತಿನಿಂದ ಮಿಷನ್ ಆಕಾಶಕ್ಕೆ ಹಿಡಿದರೂ ಕೂಗುತ್ತದೆ, ನೆಲಕ್ಕೆ ಹಿಡಿದರೂ ಕೂಗುತ್ತದೆ.

ಸರಿ, ಐಸಿಯನ್ನಾದರೂ ಬದಲಿಸೋಣವೆಂದು ಹೈದರಾಬಾದ್. ಕೋಠಿಯ ಗುಜರಾತಿ ಗಲ್ಲಿಯಲ್ಲಿ ಸಿಗದ ಎಲೆಕ್ಟ್ರಾನಿಕ್ ಸಾಮಾನಿಲ್ಲ ಅನ್ನುವುದು ನಮ್ಮ ಕಡೆಯ ಹಳೇ ನಂಬಿಕೆ, ಬೆಂಗಳೂರಿನ ಎಸ್.ಪಿ. ರೋಡ್ ನಮಗೆ ದೂರ. ಅಂಗಡಿಯವನು ಐಸಿಯ ನಂಬರ್ ಕೇಳಿದ. ಐಸಿಯ ಬೆನ್ನು ಬೋಳಾಗಿತ್ತು. ಯಾರಾದರೂ ನೋಡಿಕೊಂಡು ಇಂಥದ್ದೇ ಮಿಷನ್ ಮಾಡಿಬಿಟ್ಟಾರು ಅಂತ ಕಾಕಾನೇ ಹಿಂದೊಮ್ಮೆ ಉಸುಕಿನ ಕಾಗದ ಹಚ್ಚಿ ನಂಬರು ತಿಕ್ಕಿ ಹಾಕಿದ್ದರು. "ನಂಬರ್ ಇಲ್ದ ಹ್ಯಾಂಗ ಕೊಡ್ಲಿ ಚಾಚಾ?" ಅಂದರೆ, ಕಾಕಾ ಅಲ್ಲೂ ದನಿ ತಗ್ಗಿಸಿ, "ಪೈಪ್‌ಲೈನಿಂದು" ಅಂದರಂತೆ.

ಬರಿಗೈಲಿ ಬಂದವರು ಸೋತು ಕೂರಲಿಲ್ಲ. ಎರಡು ಹಳೇ ರೇಡಿಯೋ ಒಡೆದು ತಾವೇ ಮಿಷನ್ ಕಟ್ಟತೊಡಗಿದರು. ಇದರ ಉಪಾಯ ಹಳೆಯದು, ಕೆಲಸ ಮಾಡುವಂಥದ್ದೂ ಹೌದು. ಎರಡು ಆಸಿಲೇಟರ್. ಒಂದು ಸೆಕೆಂಡಿಗೆ 1,00,000 ಸಲ ಅದುರುತ್ತಿದ್ದು ಇನ್ನೊಂದು 1,00,400 ಸಲ ಅದುರಿದರೆ ಕಿವಿಗೆ ಬೀಳುವುದು ಅವೆರಡರ ವ್ಯತ್ಯಾಸ, 400ರ ಕುಂಯ್. ಕಾಯಿಲ್ಲಿನ ಹತ್ತಿರ ಲೋಹ ಬಂದರೆ ಒಂದರ ಅದುರು ಬದಲಾಗಿ ಕುಂಯ್ ಏರುತ್ತದೆ, ಇಲ್ಲವೇ ಇಳಿಯುತ್ತದೆ. ತೊಂದರೆ ಎಂದರೆ ಬಿಸಿಲು ಏರಿದರೂ ಅದು ಬದಲಾಗುತ್ತದೆ, ತಂಪು ಬಿದ್ದರೂ ಬದಲಾಗುತ್ತದೆ. ಯಾದಗಿರಿ ಜಿಲ್ಲೆಯ ಬಿಸಿಲಿನಲ್ಲಿ ಯಾವ ಆಸಿಲೇಟರ್ ತಾನೇ ಮಾತಿಗೆ ನಿಂತೀತು? ಟೆಲಿಫೋನಿನ ಬೆಲ್ ಸಾಹೇಬನಿಗೇ ಲೋಹ ಹುಡುಕುವ ಮಿಷನ್ ಕೈಕೊಟ್ಟಿದೆ: 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್‌ನ ಮೈಯಲ್ಲಿ ಹೊಕ್ಕ ಗುಂಡು ಹುಡುಕಲು ಹೋದರೆ ಸಿಗಲೇ ಇಲ್ಲ, ಹಾಸಿಗೆಯೊಳಗಿನ ಸ್ಪ್ರಿಂಗುಗಳು ಗೊಂದಲ ಎಬ್ಬಿಸಿದವು ಅನ್ನುತ್ತಾರೆ. ಕಾಕಾನಿಗೆ ಈ ಕಥೆ ಬಲು ಇಷ್ಟ. ತಮ್ಮ ಸೋಲಿಗೂ ದೊಡ್ಡ ಮನೆತನವಿದೆ ಅಂತ.

ಇಷ್ಟು ಪಾಡುಪಟ್ಟು ಸಿಕ್ಕಿದ್ದೇನು? ಎತ್ತಿನ ಲಾಳ, ನೇಗಿಲ ಕುಡ, ಮೊಳೆ, ಸೋಡಾ ಬಾಟಲಿಯ ಮುಚ್ಚಳ. ಇಂಥ ಮಿಷನ್ನು ಒಂದು ರೊಕ್ಕದ ಬಿಲ್ಲೆಯನ್ನು ಗೇಣಿನಾಳದಲ್ಲಿ ಕಂಡರೆ ಪುಣ್ಯ. ಕಾಕಾ ಇಪ್ಪತ್ತು ಫೂಟು ಅನ್ನುತ್ತಾರೆ. ಕಬ್ಬಿಣದಂಶದ ಕಪ್ಪು ಕಲ್ಲು ಬಂದಲ್ಲಿ ಅದು ಸುಳ್ಳುಸುಳ್ಳೇ ಕೂಗಿ ಗುಂಡಿ ತೋಡಿಸುವುದೂ ಉಂಟು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ವರ್ಷಗಟ್ಟಲೆ ಇದೇ ಹುಣಸಗಿ, ಬೈಚಬಾಳ ಕಣಿವೆಯಲ್ಲಿ ಸುತ್ತಾಡಿ, ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲಿನ ಕೈಗೊಡಲಿ ಮಾಡುತ್ತಿದ್ದ ಜಾಗವನ್ನೇ ಅಗೆದು ತೋರಿಸಿದರು. ಅದರ ವಯಸ್ಸು ಸುಮಾರು 12 ಲಕ್ಷ ವರ್ಷ ಅನ್ನುತ್ತಾರೆ. ಜಗತ್ತಿನ ಪಂಡಿತರು ಹುಣಸಗಿಯ ಹೆಸರು ಬಲ್ಲರಾದರೆ ಅದಕ್ಕಾಗಿ. ಅದನ್ನು ಹೇಳಿದರೆ ಕಾಕಾ ಹೆಡ್‌ಫೋನ್ ಕೆಳಗಿಟ್ಟು, "ಕಲ್ಲಿಗೆ ನಮ್ಮ ಮಿಷನ್ ಕೂಗಂಗಿಲ್ಲ" ಅಂದು ಆ ಮಾತು ಮುಗಿಸಿಬಿಡುತ್ತಾರೆ.

ಕಾಯ್ದೆಯ ಮಾತೆತ್ತಿದರೂ ಹೀಗೆಯೇ. ಬ್ರಿಟಿಷರ 1878ರ ಕಾಯ್ದೆಯಲ್ಲಿ ನೆಲದೊಳಗೆ ಸಿಕ್ಕ ನಿಧಿಯ ಬೆಲೆ 10 ರೂಪಾಯಿ ಮೀರಿದರೆ ಕಲೆಕ್ಟರಿಗೆ ಬರೆದು ತಿಳಿಸಬೇಕೆಂದಿದೆ. "ನಮಗ ಇನ್ನೂ ಹತ್ತು ರೂಪಾಯಿ ಮೀರಿಲ್ಲಪ್ಪಾ" ಅನ್ನುವುದು ಕಾಕಾನ ಉತ್ತರ. ಗುಜರಿಯವರು ಲಾಳಕ್ಕೆ ಕೊಡುವ ದರ ನೋಡಿದರೆ ಅದು ನಿಜವೂ ಹೌದು.

ಗುಟ್ಟು ಒಡೆದವನು ಅಂಗಡಿಯ ಹುಡುಗ. ಒಂದು ದಿನ ಬೆಸುಗೆ ಹಾಕುತ್ತ ಹಾಕುತ್ತ, ತಲೆ ಎತ್ತದೆ ಕೇಳಿದ: "ಕಾಕಾ, ನಿಮ್ಮ ಹೊಲದಾಗಿನ ಪೈಪು ಪಿವಿಸಿ ಅಲ್ಲೇನ್ರಿ? ಪ್ಲಾಸ್ಟಿಕ್ಕಿಗೆ ಇದು ಹ್ಯಾಂಗ ಕೂಗ್ತದ?"

ಕಾಕಾ ಒಂದು ಗಳಿಗೆ ಸುಮ್ಮನಾದರು. ಆಮೇಲೆ, "ಪೈಪು ಪಿವಿಸಿ. ವಾಲ್ವ್ ಕಬ್ಬಿಣದ್ದು" ಅಂದರು.

ಈ ಮಾತು ಚಹಾದಂಗಡಿ ದಾಟಿ ಹೋಗಿ, ಎರಡು ದಿನದಲ್ಲಿ ಒಬ್ಬ ರೈತ ಬಂದು ನಿಂತ. ಗದ್ದೆ ಸಮ ಮಾಡಿಸಿದಾಗ ಅವನ ವಾಲ್ವ್ ಮಣ್ಣಲ್ಲಿ ಹೂತುಹೋಗಿತ್ತು. ಒಲ್ಲೆನೆಂದರೆ ಬೇರೆ ಅರ್ಥವಾಗುತ್ತದೆ. ಕಾಕಾ ಹಾಡಹಗಲೇ, ಊರ ಹುಡುಗರ ಮೆರವಣಿಗೆಯಲ್ಲಿ, ರೇಡಿಯೋ ಮಿಷನ್ ಹಿಡಿದು ಬದುವಿನ ಮೇಲೆ ನಡೆದರು. ವಾಲ್ವ್ ಸಿಕ್ಕಿತು. ಮರುವಾರ ಕಳದಲ್ಲಿ ಕಾಲುಂಗುರ ಕಳಕೊಂಡ ಸೊಸೆಯೊಬ್ಬಳ ಮನೆಯಿಂದ ಕರೆ ಬಂತು. ಅದೂ ಸಿಕ್ಕಿತು, ಭತ್ತದ ಹೊಟ್ಟಿನಡಿ, ನಾಲ್ಕು ಬೆರಳಿನಾಳದಲ್ಲಿ. ಅತ್ತೆ ಎಲೆಅಡಿಕೆಯ ತಟ್ಟೆಯಲ್ಲಿ ನೂರರ ನೋಟಿಟ್ಟು ಮುಂದೆ ಚಾಚಿದರು.

ಕಾಕಾ ಎಲೆಅಡಿಕೆ ಎತ್ತಿಕೊಂಡು ನೋಟನ್ನು ಹಿಂದಕ್ಕೆ ಸರಿಸಿದರು. ಸುತ್ತಮುತ್ತ ಯಾರೂ ಇಲ್ಲದ್ದನ್ನು ನೋಡಿ, ಎಂದಿನ ಹಾಗೆ ದನಿ ತಗ್ಗಿಸಿದರು: "ಇದೇನೂ ಬ್ಯಾಡ್ರಿ ಅಕ್ಕಾರ. ನಿಮ್ಮ ಮಾವನವ್ರ ಕಾಲದ ಮರ್ಫಿ ರೇಡಿಯೋ ಅಟ್ಟದ ಮ್ಯಾಲ ಅದ ಅಂತಲ್ಲ. ಅದನ್ನ ಕೊಟ್ಟುಬಿಡ್ರಿ. ಮತ್ತ ನೋಡ್ರಿ, ಯಾತಕ್ಕ ಅಂತ ಯಾರಾದ್ರೂ ಕೇಳಿದ್ರ, ವಾರ್ತಾ ಕೇಳಾಕ ಅಂತ ಹೇಳ್ರಿ."